ಇಂಗ್ಲಿಷ್ ಬಾರದ ಅಮ್ಮನಿಗೆ ಕ್ರಿಸ್‌ಮಸ್ ಸಿನಿಮಾ ತೋರಿಸುವುದು

ಶಿಕಾಗೋ ಹತ್ತಿರದ ನಮ್ಮ ಮನೆಗೆ ಊರಿಂದ ಹಿರಿಯರು ಬಂದರೆ ಬೇಸಿಗೆ ಹೇಗೋ ಕಳೆಯುತ್ತದೆ. ಪಾರ್ಕಿಗೆ ಹೋಗುತ್ತಾರೆ, ಹಿತ್ತಲಲ್ಲಿ ಮೆಂತ್ಯ ಸೊಪ್ಪು ಬೆಳೆಯುತ್ತಾರೆ. ಕಷ್ಟ ಇರುವುದು ಡಿಸೆಂಬರ್‌ನಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹೊರಗೆ ಕಾಲಿಟ್ಟರೆ ಜಾರುತ್ತದೆ. ಸ್ಕೂಲಿಗೆ ರಜೆ ಬಂತೆಂದರೆ ಮಕ್ಕಳೂ ಮನೆಯಲ್ಲೇ. ಅವರಿಗೆ ಕನ್ನಡ ಧಾರಾವಾಹಿ ಬೇಡ, ಅಮ್ಮನಿಗೆ ಅವರ ಕಾರ್ಟೂನ್ ಬೇಡ. ಹಾಗಾಗಿ ಶನಿವಾರ ಸಂಜೆ ಎಲ್ಲರೂ ಕೂತು ಒಂದು ಕ್ರಿಸ್‌ಮಸ್ ಸಿನಿಮಾ ನೋಡುವ ಪದ್ಧತಿ ಶುರು ಮಾಡಿದೆ. ಈಗ ಗೊತ್ತಿರುವ ಕನ್ನಡದ ಮನೆಗಳವರೂ ತಮ್ಮ ಹಿರಿಯರನ್ನು ಕರೆದುಕೊಂಡು ಬರುತ್ತಾರೆ.

ಸಿನಿಮಾ ಆರಿಸೋಕೆ ನನ್ನ ದಾರಿ ಸುಲಭ. ಹಿಂದಿನ ದಿನ ರಾತ್ರಿ ಸೌಂಡ್ ಪೂರ್ತಿ ತೆಗೆದು ಸ್ವಲ್ಪ ಹೊತ್ತು ನೋಡುತ್ತೇನೆ. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರಿಗೆ ಏನು ಬೇಕು ಅನ್ನೋದು ಮಾತಿಲ್ಲದೆ ಗೊತ್ತಾದರೆ ಆ ಸಿನಿಮಾ ನಡೆಯುತ್ತದೆ. ಎಲ್ಲರೂ ಸೋಫಾ ಮೇಲೆ ಕೂತು ಮಾತಾಡುತ್ತಲೇ ಇದ್ದರೆ, ಅದು ಎಷ್ಟೇ ಒಳ್ಳೆಯ ಸಿನಿಮಾ ಆಗಿರಲಿ, ನಮ್ಮ ಗುಂಪಿಗೆ ಅಲ್ಲ.

ಈ ಪರೀಕ್ಷೆಯಲ್ಲಿ ಪೂರ್ತಿ ಮಾರ್ಕ್ಸ್ ತೆಗೆದುಕೊಂಡದ್ದು 1990ರ ‘ಹೋಮ್ ಅಲೋನ್’. ಮನೆಯವರೆಲ್ಲ ಪ್ರಯಾಣ ಹೊರಟಾಗ ಮರೆತು ಬಿಟ್ಟುಹೋದ ಕೆವಿನ್ ಅನ್ನುವ ಹುಡುಗ, ಮನೆಗೆ ನುಗ್ಗುವ ಇಬ್ಬರು ಕಳ್ಳರನ್ನು ಒಬ್ಬನೇ ಎದುರಿಸುವ ಕತೆ. ಎಲ್ಲರೂ ಹೊಗಳುವುದು ಕೊನೆಯ ಹೊಡೆದಾಟವನ್ನೇ. ನನ್ನ ಪ್ರಕಾರ ಅಮ್ಮನಂಥವರನ್ನು ಹಿಡಿದು ಕೂರಿಸುವುದು ಮೊದಲರ್ಧ. ಮನೆ ತುಂಬಾ ನೆಂಟರು, ಬಾತ್‌ರೂಮಿಗೆ ಕ್ಯೂ, ಊಟಕ್ಕೆ ಜಗಳ, ಬೆಳಗ್ಗೆ ಪ್ರಯಾಣ. ಇದನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಹುಡುಗನನ್ನು ಬಿಟ್ಟು ಹೋದಾಗ ಅಮ್ಮ ಕೇಳಿಯೇ ಕೇಳಿದರು: “ಅಲ್ಲಾ ಕಣೇ, ಹೆತ್ತ ಮಗೂನ ಮರೆತು ಹೋಗ್ತಾರಾ ಯಾರಾದ್ರೂ?”

ಚಿತ್ರಕತೆ ಬರೆದ ಜಾನ್ ಹ್ಯೂಸ್ ಈ ಪ್ರಶ್ನೆ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿದ್ದಾರೆ. ರಾತ್ರಿ ಗಾಳಿಗೆ ಕರೆಂಟು ಹೋಗುತ್ತದೆ, ಅಲಾರಂ ಹೊಡೆಯುವುದಿಲ್ಲ. ಎಲ್ಲರೂ ಗಡಿಬಿಡಿಯಲ್ಲಿ ಏಳುತ್ತಾರೆ. ತಲೆ ಎಣಿಸುವಾಗ ಎದುರುಮನೆ ಹುಡುಗ ಬಂದು ನಿಂತಿರುತ್ತಾನೆ, ಲೆಕ್ಕ ಸರಿಹೋಗಿಬಿಡುತ್ತದೆ. ಹಿಂದಿನ ರಾತ್ರಿ ಹಾಲು ಚೆಲ್ಲಿ ರಂಪ ಆದಾಗ ಕೆವಿನ್‌ನ ಟಿಕೆಟ್ಟು ಒರೆಸಿದ ಕಾಗದದ ಜೊತೆ ಕಸದ ಬುಟ್ಟಿ ಸೇರಿರುತ್ತದೆ. ಏರ್‌ಪೋರ್ಟಿನಲ್ಲಿ ಒಂದು ಟಿಕೆಟ್ ಜಾಸ್ತಿ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಫೋನ್ ಲೈನೂ ಕೆಟ್ಟಿರುತ್ತದೆ, ಪಕ್ಕದ ಮನೆಯವರೂ ಹಬ್ಬಕ್ಕೆ ಊರು ಬಿಟ್ಟಿರುತ್ತಾರೆ. ಅಮ್ಮ ಹುಡುಕಿದ ಒಂದೊಂದು ಬಾಗಿಲಿಗೂ ಹ್ಯೂಸ್ ಆಗಲೇ ಚಿಲಕ ಹಾಕಿದ್ದರು. ಈ ವಿವರಗಳೆಲ್ಲ ಕಣ್ಣಿಗೆ ಕಾಣುತ್ತವೆ, ಆದರೆ ಓಡಿ ಹೋಗುತ್ತವೆ. ಟಿಕೆಟ್ಟು ಕಸಕ್ಕೆ ಬೀಳುವಾಗ “ನೋಡಿ, ನೋಡಿ” ಅಂದರೆ ಸಾಕು. ಮುಂದಿನದು ತಾನಾಗಿ ತಿಳಿಯುತ್ತದೆ.

ಕನ್ನಡದಲ್ಲಿ ಹೇಳುವ ಕೆಲಸ ಒಬ್ಬರದ್ದೇ ಆಗಿರಬೇಕು. ಮಕ್ಕಳಿಗೆ ಬಿಟ್ಟರೆ ನಗು ಬರುವ ಮೊದಲೇ “ಅಜ್ಜೀ, ಈಗ ಅವನು ಬೀಳ್ತಾನೆ” ಅಂತ ಕೂಗುತ್ತಾರೆ, ಅಲ್ಲಿಗೆ ಮುಗಿಯಿತು. ಶುರುವಾಗುವ ಮುಂಚೆ ಯಾರು ಯಾರಿಗೆ ಏನಾಗಬೇಕು ಅನ್ನೋದನ್ನು ಮಾತ್ರ ಹೇಳುತ್ತೇನೆ. ಕತೆ ಹೇಳುವುದಿಲ್ಲ. ಹೆಸರುಗಳನ್ನೂ ಬಿಡುತ್ತೇನೆ. ಆ ಕಳ್ಳರನ್ನು ಹ್ಯಾರಿ, ಮಾರ್ವ್ ಅಂದರೆ ಯಾರಿಗೂ ನೆನಪಿರಲ್ಲ. ನಮ್ಮ ಮನೆಯಲ್ಲಿ ಅವರು ಕುಳ್ಳ ಕಳ್ಳ, ಉದ್ದ ಕಳ್ಳ. ಇಂಗ್ಲಿಷ್ ಸಬ್‌ಟೈಟಲ್ ಯಾವಾಗಲೂ ಹಾಕಿರುತ್ತೇನೆ. ನಮ್ಮ ಮಾವ ದಿನಾ ಇಂಗ್ಲಿಷ್ ಪೇಪರ್ ಓದಿದವರು, ಆದರೆ ಇಲ್ಲಿಯವರ ಉಚ್ಚಾರಣೆ ಹಿಡಿಯುವುದು ಕಷ್ಟ. ಕೆಳಗೆ ಅಕ್ಷರ ಬಂದರೆ ಅವರಿಗೆ ನಾನು ಬೇಕಾಗುವುದೇ ಇಲ್ಲ.

ಇನ್ನೊಂದು, ಇಂಟರ್ವಲ್. ಹಾಲಿವುಡ್‌ನವರು ಅದಕ್ಕೆ ಜಾಗ ಇಟ್ಟಿರುವುದಿಲ್ಲ, ನಾವೇ ಹುಡುಕಬೇಕು. ಗಡಿಯಾರ ನೋಡಿ ನಡುವಲ್ಲಿ ನಿಲ್ಲಿಸಿದರೆ ಸಪ್ಪೆ. ‘ಹೋಮ್ ಅಲೋನ್’ನಲ್ಲಿ ಕಳ್ಳರು ರಾತ್ರಿ ಒಂಬತ್ತಕ್ಕೆ ಬರುತ್ತಾರೆ ಅಂತ ಹುಡುಗನಿಗೆ ಗೊತ್ತಾಗಿ, ಅವನು ಮನೆಯ ನಕ್ಷೆ ಬರೆಯುತ್ತಾನಲ್ಲ, ನಾನು ನಿಲ್ಲಿಸುವುದು ಅಲ್ಲಿ. ಅಷ್ಟು ಹೊತ್ತಿಗೆ ಮುಕ್ಕಾಲು ಸಿನಿಮಾ ಮುಗಿದಿರುತ್ತದೆ, ಪರವಾಗಿಲ್ಲ. ಕಾಫಿ ಕುಡಿಯುತ್ತಾ ದೊಡ್ಡವರೂ “ನಾನಾಗಿದ್ರೆ ಮೆಟ್ಟಿಲಿಗೆ ಎಣ್ಣೆ ಸುರೀತಿದ್ದೆ” ಅಂತ ಪ್ಲಾನ್ ಹಾಕುತ್ತಾರೆ. (ಮರುದಿನ ಮೆಟ್ಟಿಲ ಮೇಲೆ ಆಟದ ಕಾರು ಇದೆಯಾ ಅಂತ ನೋಡಿಕೊಂಡೇ ಇಳಿಯಿರಿ.) ಸಿನಿಮಾದ ಆ ಮನೆ ಶಿಕಾಗೋ ಹತ್ತಿರದ ವಿನೆಟ್ಕಾ ಊರಿನಲ್ಲಿದೆ, ಬೇಕಾದರೆ ಬೀದಿಯಲ್ಲಿ ನಿಂತು ನೋಡಬಹುದು. ಒಳಗಿನ ದೃಶ್ಯಗಳಲ್ಲಿ ಬಹುಪಾಲನ್ನು ಮುಚ್ಚಿಹೋದ ಒಂದು ಹೈಸ್ಕೂಲಿನಲ್ಲಿ ಸೆಟ್ ಹಾಕಿ ತೆಗೆದರು. ನೀರು ತುಂಬಿದ ನೆಲಮಾಳಿಗೆ ಕಟ್ಟಿದ್ದು ಅಲ್ಲಿನ ಈಜುಕೊಳದೊಳಗೆ. ಇದನ್ನು ಹೇಳಿದ ಮೇಲೂ ಅಮ್ಮನಿಗೆ ಆ ಮನೆ ನೋಡುವ ಆಸೆ ಕಮ್ಮಿಯಾಗಲಿಲ್ಲ.

2003ರ ‘ಎಲ್ಫ್’ ಕೂಡ ಸುಲಭವಾಗಿ ಗೆದ್ದಿತು. ಉತ್ತರ ಧ್ರುವದಲ್ಲಿ ಸಾಂಟಾನ ಕುಳ್ಳ ಕೆಲಸಗಾರರ ನಡುವೆ ಬೆಳೆದ ಆಳೆತ್ತರದ ಮನುಷ್ಯ ನ್ಯೂಯಾರ್ಕಿಗೆ ಬರುತ್ತಾನೆ. ಹಳ್ಳಿಯಿಂದ ಪೇಟೆಗೆ ಬಂದವನ ಕತೆ ನಮಗೆ ಹೊಸದೇ? ಎಸ್ಕಲೇಟರ್ ಮೇಲೆ ಒಂದು ಕಾಲಿಟ್ಟು ಅವನು ಪರದಾಡುವಾಗ ನಮ್ಮ ಹಿರಿಯರು ಜೋರಾಗಿ ನಕ್ಕರು, ಏರ್‌ಪೋರ್ಟಿನಲ್ಲಿ ಅವರದ್ದೂ ಅದೇ ಕತೆ. ಮಕ್ಕಳಿಗೆ ಮಾತ್ರ ಅವನು ಹೇಗೆ ಅಷ್ಟು ದೊಡ್ಡವನಾಗಿ ಕಾಣುತ್ತಾನೆ ಅನ್ನುವ ಕುತೂಹಲ. ಹೆಚ್ಚಿನ ಕಡೆ ಅದು ಕಂಪ್ಯೂಟರ್ ಕೆಲಸವಲ್ಲ. ಆ ಪಾತ್ರ ಮಾಡಿದ ವಿಲ್ ಫೆರೆಲ್‌ನನ್ನು ಕ್ಯಾಮೆರಾಕ್ಕೆ ಹತ್ತಿರ ಕೂರಿಸಿ, ಉಳಿದವರನ್ನು ದೂರ ಕೂರಿಸಿ, ಎರಡು ಅಳತೆಯ ಮೇಜುಗಳನ್ನು ಒಂದೇ ಮೇಜಿನಂತೆ ಕಾಣುವ ಹಾಗೆ ಜೋಡಿಸಿ ತೆಗೆದದ್ದು. ಮೊಬೈಲ್ ಹಿಡಿದು ಅಜ್ಜಿಯನ್ನು ಅಂಗೈಲಿ ನಿಲ್ಲಿಸುವ ಫೋಟೊ ತೆಗೆದು ತೋರಿಸಿದೆ. ಆಮೇಲೆ ಸಿನಿಮಾ ಬಿಟ್ಟು ಅದೇ ಆಟ ನಡೆಯಿತು.

ನನ್ನ ಸೌಂಡ್ ತೆಗೆಯುವ ಪರೀಕ್ಷೆಯಲ್ಲಿ ಫೇಲಾಗಿಯೂ ನಡೆದ ಒಂದೇ ಸಿನಿಮಾ ನಿರ್ದೇಶಕ ಫ್ರ್ಯಾಂಕ್ ಕ್ಯಾಪ್ರಾ ಅವರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’, 1946ರದ್ದು. ಕಪ್ಪು ಬಿಳುಪು, ಎರಡು ಗಂಟೆಗೂ ಮೇಲೆ, ತುಂಬಾ ಮಾತು. ಮಕ್ಕಳು ಬೇಗ ಎದ್ದು ಹೋದರು. ಮಾವ ಅಲುಗಾಡಲಿಲ್ಲ. ಅವರು ಊರಿನ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದವರು. ಕತೆಯ ನಾಯಕ ನಡೆಸುವುದೂ ಹೆಚ್ಚುಕಡಿಮೆ ಅಂಥದ್ದೇ, ಜನರ ಠೇವಣಿಯಿಂದ ಜನರಿಗೇ ಮನೆ ಸಾಲ ಕೊಡುವ ಪುಟ್ಟ ಸಂಸ್ಥೆ. ಗಾಬರಿಬಿದ್ದ ಜನ ದುಡ್ಡು ವಾಪಸ್ ಕೇಳಲು ನುಗ್ಗುತ್ತಾರೆ. ‘ನಿಮ್ಮ ದುಡ್ಡು ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ನಿಮ್ಮ ಪಕ್ಕದವರ ಮನೆಯಲ್ಲಿದೆ’ ಎಂದು ಅವನು ಬಿಡಿಸಿ ಹೇಳುತ್ತಾನೆ. ಮಧುಚಂದ್ರಕ್ಕೆ ಇಟ್ಟುಕೊಂಡ ಎರಡು ಸಾವಿರ ಡಾಲರನ್ನೇ ಹಂಚುತ್ತಾನೆ. ಬಾಗಿಲು ಹಾಕುವ ಹೊತ್ತಿಗೆ ಎರಡೇ ಡಾಲರ್ ಉಳಿದಿರುತ್ತದೆ. “ಇದನ್ನ ಬರೆದವನಿಗೆ ಬ್ಯಾಂಕ್ ಕೆಲಸ ಗೊತ್ತು” ಅಂದರು ಮಾವ. ಅವರಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಇದರ ಇಂಟರ್ವಲ್ ಎಲ್ಲಿ ಅಂತ ಯೋಚಿಸಬೇಕಾಗಲೇ ಇಲ್ಲ: ಚಿಕ್ಕಪ್ಪ ಎಂಟು ಸಾವಿರ ಡಾಲರಿನ ಲಕೋಟೆಯನ್ನು ಪೇಪರಿನ ಜೊತೆ ಮಡಚಿ ಶತ್ರುವಿನ ಕೈಗೇ ಕೊಟ್ಟುಬಿಡುವ ಕಡೆ.

ಈ ಸಿನಿಮಾದ ಹಿಮದಿಂದಲೇ ನಮ್ಮ ಮನೆಯ ತಿಂಡಿಯ ನಿಯಮವೂ ಬಂತು. ಅಲ್ಲಿಯವರೆಗೆ ಸಿನಿಮಾದವರು ಹಿಮಕ್ಕೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ನಡೆದರೆ ಕರಕರ ಸದ್ದು, ಡೈಲಾಗನ್ನು ಆಮೇಲೆ ಮತ್ತೆ ರೆಕಾರ್ಡ್ ಮಾಡಬೇಕಿತ್ತು. ಕ್ಯಾಪ್ರಾಗೆ ಮಾತು ಅಲ್ಲೇ ರೆಕಾರ್ಡ್ ಆಗಬೇಕಿತ್ತು. ಅದಕ್ಕೇ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಸೇರಿಸಿ ಹೊಸ ಹಿಮ ಮಾಡಿದರು, ಅದೂ ಕ್ಯಾಲಿಫೋರ್ನಿಯಾದ ಸುಡುಬಿಸಿಲಿನಲ್ಲಿ. ಇದನ್ನು ಓದಿದ ಮೇಲೆ ಚಕ್ಕುಲಿ, ಕೋಡುಬಳೆ ಎಲ್ಲ ಇಂಟರ್ವಲ್‌ಗೆ ಮಾತ್ರ. ನೋಡುವಾಗ ಬಾಳೆಹಣ್ಣಿನ ರಸಾಯನ, ಇಲ್ಲದಿದ್ದರೆ ಮೆತ್ತಗಿನ ರವೆ ಉಂಡೆ.

ಪುಟ್ಟ ಮಕ್ಕಳೂ ತೀರಾ ವಯಸ್ಸಾದವರೂ ಒಟ್ಟಿಗೆ ಇದ್ದರೆ 2019ರ ಕಾರ್ಟೂನ್ ಸಿನಿಮಾ ‘ಕ್ಲೌಸ್’ (Klaus) ಹಾಕಿ. ಸ್ಪೇನಿನ ಸೆರ್ಜಿಯೊ ಪಾಬ್ಲೋಸ್ ಮಾಡಿದ್ದು. ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತಿದ್ದ ಕಾಲದಲ್ಲಿ ಕೈಯಲ್ಲಿ ಚಿತ್ರ ಬರೆದು, ಅದರ ಮೇಲೆ ಬೆಳಕು ನೆರಳು ಕೂರಿಸಿದ್ದಾರೆ. ಹೊಡೆದಾಡುವ ಎರಡು ಮನೆತನ, ಸೋಮಾರಿ ಪೋಸ್ಟ್‌ಮ್ಯಾನ್, ಆಟಿಕೆ ಮಾಡುವ ದೊಡ್ಡ ಮನುಷ್ಯ. ಅದರಲ್ಲಿ ಮಾರ್ಗು ಅಂತ ಒಬ್ಬಳು ಪುಟ್ಟ ಹುಡುಗಿ ಇದ್ದಾಳೆ. ಅವಳಾಡುವುದು ಯುರೋಪಿನ ಉತ್ತರ ತುದಿಯ ಸಾಮಿ ಜನರ ಭಾಷೆ, ಪೋಸ್ಟ್‌ಮ್ಯಾನ್‌ಗೆ ಒಂದಕ್ಷರವೂ ತಿಳಿಯುವುದಿಲ್ಲ. ಅವಳು ಪಟಪಟ ಮಾತಾಡಿದಾಗ ನನ್ನ ಮಗ ನನ್ನ ಕಡೆ ತಿರುಗಿ “ಏನಂದ್ಲು?” ಅಂತ ಕೇಳಿದ. ಉತ್ತರ ಕೊಟ್ಟವರು ಅಮ್ಮ: “ಅವಳಿಗೂ ಒಂದು ಆಟದ ಸಾಮಾನು ಬೇಕಂತೆ ಕಣೋ, ಮುಖ ನೋಡಿದ್ರೆ ಗೊತ್ತಾಗಲ್ವಾ?”

ನಾನು ಹಾಕದೇ ಇರುವವೂ ಇವೆ. 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ನನಗೆ ತುಂಬಾ ಇಷ್ಟ, ಆದರೆ ಅರ್ಧ ಸಿನಿಮಾ ಕೋರ್ಟಿನಲ್ಲಿ ವಾದ. ಅಮ್ಮನಿಗೆ ನಿದ್ದೆ ಗ್ಯಾರಂಟಿ. 1984ರ ‘ಗ್ರೆಮ್ಲಿನ್ಸ್’ ಅಂತೂ ಪೋಸ್ಟರ್ ನೋಡಿ ಮೋಸ ಹೋಗಬೇಡಿ. ಮುದ್ದಾದ ಪ್ರಾಣಿ ಇದೆ, ನಿಜ. ಮಿಕ್ಸಿ, ಮೈಕ್ರೋವೇವ್‌ನಲ್ಲಿ ಏನೇನಾಗುತ್ತೆ ಅಂತ ನಾನು ಹೇಳಲ್ಲ. ಇಲ್ಲಿ 13 ವರ್ಷದೊಳಗಿನವರ ತಂದೆ ತಾಯಿಗೆ ಎಚ್ಚರಿಕೆ ಕೊಡುವ ಹೊಸ ರೇಟಿಂಗ್ ಅದೇ ವರ್ಷ ಬರಲು ಕಾರಣವಾದ ಸಿನಿಮಾಗಳಲ್ಲಿ ಅದೂ ಒಂದು. ಸಾಲದ್ದಕ್ಕೆ ಸಾಂಟಾ ಸುಳ್ಳು ಅಂತ ಒಂದು ಪಾತ್ರ ನೇರವಾಗಿ ಹೇಳುತ್ತದೆ. ನನ್ನ ಚಿಕ್ಕವಳು ಇನ್ನೂ ಸಾಂಟಾಗೆ ಕಾಗದ ಬರೆಯುವ ವಯಸ್ಸಿನಲ್ಲಿದ್ದಾಳೆ. ಈ ಸಿನಿಮಾವನ್ನು ಎಲ್ಲರೂ ಮಲಗಿದ ಮೇಲೆ ನಾನೂ ನನ್ನ ಗಂಡನೂ ಸೌಂಡ್ ಕಮ್ಮಿ ಇಟ್ಟು ನೋಡುತ್ತೇವೆ, ಉಳಿದ ಚಕ್ಕುಲಿ ಜೊತೆ.