ಇಂಡೆಕ್ಸ್ ಕಟ್ಟುವ ಮುನ್ನ ಸಾಲು ಜೋಡಿಸಿ

ಬೆಂಗಳೂರಿನ ಸಿಟಿ ಬಸ್ ಟಿಕೆಟ್‌ಗಳ ಒಂದು ಟೇಬಲ್ ಎಂದಿಟ್ಟುಕೊಳ್ಳಿ: 5 ಕೋಟಿ ಸಾಲು, ಪ್ರತಿ ಸಾಲಿನಲ್ಲೂ ಟಿಕೆಟ್ ಕೊಟ್ಟ ಸಮಯ. ಡಿಪೋಗಳ ಫೈಲುಗಳನ್ನು ಸಿಕ್ಕ ಸಿಕ್ಕ ಹಾಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಸುರಿದರೆ ಮೆಜೆಸ್ಟಿಕ್‌ನ ಬೆಳಗಿನ ಟಿಕೆಟ್ ಪಕ್ಕ ಬನಶಂಕರಿಯ ರಾತ್ರಿ ಟಿಕೆಟ್ ಕೂರುತ್ತದೆ.

ಇಂಡೆಕ್ಸ್ ಎಂದರೆ ಸಾಲುಗಳನ್ನು ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ. ಮೊದಲು ಅದು ಇಲ್ಲದ ಟೇಬಲ್‌ಗೆ ಡೇಟಾ ತುಂಬಿ. ಇಂಡೆಕ್ಸ್ ಇದ್ದಾಗಲೇ ಅಡ್ಡಾದಿಡ್ಡಿ ಸಾಲುಗಳು ಬಂದರೆ ಇಂಡೆಕ್ಸ್‌ನ ಪೇಜ್ (ಡೇಟಾ ಇಡುವ 8 ಕೆಬಿಯ ತುಂಡು) ತುಂಬಿದಾಗಲೆಲ್ಲ ಎರಡಾಗಿ ಒಡೆಯುತ್ತದೆ. ಕೊನೆಗೆ ಪೇಜ್‌ಗಳು ಸರಾಸರಿ ಶೇ 70ರಷ್ಟೇ ತುಂಬಿರುತ್ತವೆ. ಡೇಟಾ ಬಂದ ಮೇಲೆ ಕಟ್ಟಿದರೆ ಪೋಸ್ಟ್‌ಗ್ರೆಸ್ ತಾನೇ ವಿಂಗಡಿಸಿ ಶೇ 90ರವರೆಗೆ ತುಂಬುತ್ತದೆ. ಸಮಯಗಳು ಬಹುತೇಕ ಬೇರೆ ಬೇರೆಯಾಗಿದ್ದರೆ ಇಂಡೆಕ್ಸ್ ಸುಮಾರು 1 ಜಿಬಿಯಲ್ಲಿ ಮುಗಿಯುತ್ತದೆ. ಒಡೆದ ಪೇಜ್‌ಗಳಾದರೆ 1.3 ಜಿಬಿ ದಾಟುತ್ತದೆ.

ಹಾಗಾದರೆ ನಾವೇಕೆ ವಿಂಗಡಿಸಬೇಕು? ಇಂಡೆಕ್ಸ್ ಹೇಗಿದ್ದರೂ ಒತ್ತಾಗಿ ಬರುತ್ತದೆ, ನಿಜ. ಆದರೆ ಟೇಬಲ್ ಚೆಲ್ಲಾಪಿಲ್ಲಿಯಾಗಿಯೇ ಉಳಿಯುತ್ತದೆ. ಪೇಜ್‌ಗೆ 100 ಸಾಲು ಎಂದರೆ, ಒಂದು ಗಂಟೆಯ 10,000 ಟಿಕೆಟ್ ಹುಡುಕಲು ಜೋಡಿಸಿದ ಟೇಬಲ್‌ನಲ್ಲಿ ನೂರರ ಆಸುಪಾಸು ಪೇಜ್ ಓದಿದರೆ ಸಾಕು. ಇಲ್ಲದಿದ್ದರೆ 10,000 ಪೇಜ್‌ವರೆಗೂ ಹೋಗಬಹುದು. ಜೊತೆಗೆ, ಮೊದಲೇ ಕ್ರಮದಲ್ಲಿರುವ ಸಾಲುಗಳನ್ನು ವಿಂಗಡಿಸುವ ಕೆಲಸವೂ ಬೇಗ ಆಗುತ್ತದೆ.

ಫೈಲಿನಲ್ಲೇ ವಿಂಗಡಿಸುವವರು ಒಂದನ್ನು ಗಮನಿಸಲೇಬೇಕು. ನಮ್ಮಲ್ಲಿ ತಾರೀಖು ದಿನದಿಂದ ಶುರುವಾಗುತ್ತದೆ. ಅದನ್ನು ಬರೀ ಅಕ್ಷರಗಳಾಗಿ ವಿಂಗಡಿಸಿದರೆ ಡಿಸೆಂಬರ್‌ನ 01-12-2023 ಮೊದಲು, ಜನವರಿಯ 02-01-2023 ಆಮೇಲೆ! ವರ್ಷ, ತಿಂಗಳು, ದಿನದ ಕ್ರಮಕ್ಕೆ ಬದಲಿಸಿ. ಅಥವಾ ತಾತ್ಕಾಲಿಕ ಟೇಬಲ್‌ಗೆ ತುಂಬಿ, ಅಲ್ಲಿಂದ ವಿಂಗಡಿಸುವ ಆದೇಶ 'ಆರ್ಡರ್ ಬೈ' ಹಾಕಿ ಅಸಲಿ ಟೇಬಲ್‌ಗೆ ಸಾಗಿಸಿ. ಇದೇ ಹೆಚ್ಚು ನಂಬಿಕೆಯ ದಾರಿ.

ಇಂಡೆಕ್ಸ್ ಕಟ್ಟುವಂಥ ಕೆಲಸಕ್ಕೆ ಎಷ್ಟು ಮೆಮೊರಿ ಎಂದು ಹೇಳುವ ಸೆಟ್ಟಿಂಗ್ 'ಮೇಂಟೆನೆನ್ಸ್ ವರ್ಕ್ ಮೆಮ್' ಮೊದಲಿಗೆ 64 ಎಂಬಿ ಇರುತ್ತದೆ. ಇಷ್ಟು ಸಾಲಿಗೆ ಅದು ಸಾಲದೆ, ವಿಂಗಡಣೆ ಡಿಸ್ಕ್‌ಗೆ ಇಳಿಯುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ ಆ ಕೆಲಸ ಮಾಡುವ ಸೆಷನ್‌ಗೆ (ಡೇಟಾಬೇಸ್ ಜೊತೆಗಿನ ಸಂಪರ್ಕಕ್ಕೆ) ಮಾತ್ರ 2 ಜಿಬಿ ಕೊಟ್ಟು ಇಂಡೆಕ್ಸ್ ಕಟ್ಟಿ.

ಆಮೇಲೆ ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ 'ಅನಲೈಜ್' ಓಡಿಸಿ, ಆ ಅಂಕಿಅಂಶ ತೋರಿಸುವ 'ಪಿಜಿ ಸ್ಟ್ಯಾಟ್ಸ್'ನಲ್ಲಿ ಸಮಯದ ಕಾಲಂನ 'ಕೋರಿಲೇಷನ್' ನೋಡಿ. ಸಾಲುಗಳು ಡಿಸ್ಕ್‌ನಲ್ಲಿ ಎಷ್ಟು ಕ್ರಮವಾಗಿವೆ ಎಂದು ಅದು ಹೇಳುತ್ತದೆ. 1ರ ಹತ್ತಿರ ಇದ್ದರೆ ಸರಿ, 0 ಹತ್ತಿರವಾದರೆ ಜೋಡಣೆ ತಪ್ಪಿದೆ. ಇಂಡೆಕ್ಸ್ ಎಷ್ಟು ಒತ್ತಾಗಿದೆ ಎಂಬುದನ್ನಷ್ಟೇ ನೋಡಿ ಸಮಾಧಾನಪಟ್ಟರೆ ಈ ತಪ್ಪು ಕಾಣುವುದೇ ಇಲ್ಲ.

ಈಗಾಗಲೇ ಕೆದರಿಹೋದ ಟೇಬಲ್‌ಗೆ, ಸಾಲುಗಳನ್ನು ಇಂಡೆಕ್ಸ್‌ನ ಕ್ರಮದಲ್ಲಿ ಮತ್ತೆ ಬರೆಯುವ 'ಕ್ಲಸ್ಟರ್' ಆದೇಶ ಇದೆ. ಅದು ಮುಗಿಯುವವರೆಗೆ ಟೇಬಲ್ ಓದಲೂ ಆಗುವುದಿಲ್ಲ. ಕನಿಷ್ಠ ಟೇಬಲ್ ಮತ್ತು ಇಂಡೆಕ್ಸ್‌ಗಳು ಸೇರಿದಷ್ಟು ಖಾಲಿ ಜಾಗವೂ ಬೇಕು. ಕೊನೆಯ ಬಸ್ಸು ಡಿಪೋ ಸೇರಿದ ಮೇಲೆ ಮಾಡಿ.