ಮಾರ್ಸೇ ಕಡಲಿನ ಶಾತೋ ದೀಫ್ ಕೋಟೆಗೆ ಹೋಗಿಬರುವ ಬಗೆ

ದಕ್ಷಿಣ ಫ್ರಾನ್ಸಿನ ಮಾರ್ಸೇ ನಗರದೆದುರಿನ ಪುಟ್ಟ ಸುಣ್ಣಕಲ್ಲಿನ ದ್ವೀಪದ ಮೇಲೆ ನಿಂತಿರುವ ಶಾತೋ ದೀಫ್ ಕೋಟೆಯನ್ನು ನೋಡಬಯಸುವವರು ಎಲ್ಲಕ್ಕಿಂತ ಮೊದಲು ಗಾಳಿಯನ್ನು ವಿಚಾರಿಸಿಕೊಳ್ಳಬೇಕು. ಮಿಸ್ಟ್ರಾಲ್ ಎಂಬ ವಾಯವ್ಯದ ಬಿರುಗಾಳಿ ಎದ್ದಾಗ ದೋಣಿಗಳು ಇಲ್ಲಿಯ ದಕ್ಕೆಗೆ ಹತ್ತಿರ ಬರಲಾಗದೆ ಪಕ್ಕದ ಫ್ರಿಯೂಲ್ ದ್ವೀಪಗಳಿಗೆ ಮಾತ್ರ ಹೋಗುವುದುಂಟು. ಆದ್ದರಿಂದ ನಗರದಲ್ಲಿ ಎರಡು ದಿನವಾದರೂ ಉಳಿಯುವಂತೆ ಯೋಜಿಸಿ, ಕೋಟೆಯ ಭೇಟಿಯನ್ನು ಮೊದಲ ದಿನಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಮೂರು ಗಂಟೆಗಿಂತ ತುಸು ಹೆಚ್ಚು ಹೊತ್ತಿನಲ್ಲಿ ಮಾರ್ಸೇ ತಲುಪಬಹುದು. ಅಲ್ಲಿಂದ ಮೆಟ್ರೋದಲ್ಲಿ ಹಳೆಯ ಬಂದರಿಗೆ ಹೋದರೆ ದೋಣಿ ಸಿಗುತ್ತದೆ; ಪ್ರಯಾಣ ಸುಮಾರು 20 ನಿಮಿಷ. ದೋಣಿಯ ಟಿಕೆಟ್ ಬೇರೆ, ಕೋಟೆಯ ಟಿಕೆಟ್ ಬೇರೆ. ನೆರಳು ಕಡಿಮೆಯಾದ್ದರಿಂದ ನೀರು ಮತ್ತು ಟೋಪಿ ಜೊತೆಗಿರಲಿ. ಮೆಟ್ಟಿಲುಗಳು ಹೆಚ್ಚಿರುವುದರಿಂದ ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವ ಮುನ್ನ ಯೋಚಿಸಬೇಕು.

ಕೋಟೆ ಕಟ್ಟುವ ಮೊದಲೇ, 1516ರಲ್ಲಿ, ಈ ಬರಿಯ ಬಂಡೆಯ ಮೇಲೆ ನಮ್ಮ ನೆಲದ ಪ್ರಾಣಿಯೊಂದು ಇಳಿದಿತ್ತೆಂಬುದು ಭಾರತೀಯ ಪ್ರವಾಸಿಗರು ತಿಳಿದಿರಬೇಕಾದ ಸಂಗತಿ. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗವು ಗೋವೆಯಿಂದ ಲಿಸ್ಬನ್ನಿಗೆ ಹೋಗಿ, ಅಲ್ಲಿಂದ ಪೋಪರಿಗೆ ಕಾಣಿಕೆಯಾಗಿ ಸಾಗುವ ದಾರಿಯಲ್ಲಿ ಇಲ್ಲಿ ತಂಗಿದಾಗ, ದೊರೆ ಮೊದಲನೆಯ ಫ್ರಾನ್ಸ್ವಾ ಅದನ್ನು ನೋಡಲು ಬಂದಿದ್ದನು. ಆ ಹಡಗು ಮುಂದೆ ಇಟಲಿಯ ಕರಾವಳಿಯಲ್ಲಿ ಮುಳುಗಿತು. ಅದೇ ದೊರೆಯ ಆಜ್ಞೆಯಂತೆ ಕಟ್ಟಿದ ಕೋಟೆ 1531ರ ವೇಳೆಗೆ ಸಿದ್ಧವಾಯಿತಾದರೂ, ಬಹುಕಾಲ ಬಳಕೆಯಾದದ್ದು ಸೆರೆಮನೆಯಾಗಿ.

ಒಳಗೆ ಹೋದವರು ಕೆಳಗಿನ ಕೋಣೆಗಳನ್ನು ಮೊದಲು ನೋಡಿ, ಆಮೇಲೆ ಮೇಲಂತಸ್ತಿಗೆ ಹೋಗಬೇಕೆಂದು ನನ್ನ ಸಲಹೆ. ಕೆಳಗೆ ಕತ್ತಲು ಮತ್ತು ಇಕ್ಕಟ್ಟು. ಮೇಲೆ, ಹಣ ತೆರಬಲ್ಲ ಕೈದಿಗಳಿಗೆ ಮೀಸಲಾಗಿದ್ದ ಕೋಣೆಗಳಲ್ಲಿ ಕಿಟಕಿಯೂ ಬೆಂಕಿಗೂಡೂ ಉಂಟು. ಸೆರೆಯಲ್ಲೂ ಉಳಿದಿದ್ದ ಈ ಅಂತರವನ್ನು ಕಣ್ಣಾರೆ ಕಂಡಾಗ ಮನಸ್ಸು ಭಾರವಾಗುತ್ತದೆ. ಫ್ರೆಂಚ್ ಲೇಖಕ ಅಲೆಕ್ಸಾಂಡರ್ ದ್ಯುಮಾ ಬರೆದ, ಈ ಸೆರೆಮನೆಯ ಕತೆಯುಳ್ಳ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಯ ನಾಯಕನದೆಂದು ತೋರಿಸುವ ಕೋಣೆಯ ಮುಂದೆ ಜನ ಗುಂಪುಗೂಡುತ್ತಾರೆ, ಆದರೆ ಅವನು ಕಲ್ಪಿತ ಪಾತ್ರ. ಅಲ್ಲಿ ಕೊಡುವ ಸಮಯಕ್ಕಿಂತ ಹೆಚ್ಚನ್ನು, 1848ರ ಬಂಡಾಯದ ಕೈದಿಗಳು ಅಂಗಳದ ಗೋಡೆಯಲ್ಲಿ ಕೆತ್ತಿದ ‘ಸಾರ್ವಭೌಮ ಜನತೆಯ ಹೋಟೆಲು’ ಎಂಬರ್ಥದ ಬರಹಕ್ಕೆ ಕೊಡಿ.

ಕೊನೆಯಲ್ಲಿ ತಾರಸಿ ಹತ್ತಿದರೆ ನಗರವೂ ಬೆಟ್ಟದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ದ್ ಚರ್ಚೂ ಕಾಣುತ್ತವೆ. ಮರಳುವ ಕೊನೆಯ ದೋಣಿಯ ಸಮಯವನ್ನು ಇಳಿದ ಕೂಡಲೇ ದಕ್ಕೆಯಲ್ಲಿ ಕೇಳಿಟ್ಟುಕೊಳ್ಳಿ.