ಒಲೆಗೆ ಇಡದೆ ನಿಂಬೆ ಸ್ಕ್ವಾಷ್: ನನ್ನ ಅನುಭವ

ನಿಂಬೆರಸ ಕಾಯಿಸಿದರೆ ಅದರ ಹಸಿ ಪರಿಮಳ ಹೋಗುತ್ತದೆ. ಹಾಗಾಗಿ ಕೆಡದಂತೆ ನೋಡಿಕೊಳ್ಳುವ ಕೆಲಸವನ್ನು ನಾನು ಹುಳಿ, ಸಕ್ಕರೆ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ಕೆಎಂಎಸ್) ಮೂರಕ್ಕೂ ಹಂಚುತ್ತೇನೆ.

ಸೋಸಿದ ರಸ 1 ಲೀಟರ್, ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 1.8 ಕಿಲೋ. ಒಟ್ಟು ಸುಮಾರು 3.8 ಕಿಲೋ. ಇದಕ್ಕೆ ಕೆಎಂಎಸ್ 2.3 ಗ್ರಾಂ, ಅಂದರೆ ಕಿಲೋಗೆ 0.6 ಗ್ರಾಂ, ಇದರಿಂದ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡ್ ಸುಮಾರು 350 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 350 ಭಾಗ) ಸಿಗುತ್ತದೆ. ಸಕ್ಕರೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ ಮುಚ್ಚಿಡುತ್ತೇನೆ, ಆಗಾಗ ಕೈಯಾಡಿಸಿದರೆ ಬೆಳಿಗ್ಗೆಗೆ ಕರಗಿರುತ್ತದೆ. ರಸದಲ್ಲೇ ಕರಗಿಸಲು ಹೊರಟರೆ ಕಲಕಿ ಕಲಕಿ ಗಾಳಿ ಸೇರಿ ಬಣ್ಣ ಮಂಕಾಗುತ್ತದೆ. ಹಣ್ಣು ಹಿಂಡುವುದು ಪಾಕ ತಯಾರಾದ ಮೇಲೆಯೇ.

ಎಡವುವುದು ಹೆಚ್ಚಾಗಿ 2.3 ಗ್ರಾಂ ತೂಗುವಾಗ. ಅಡುಗೆಮನೆಯ ತಕ್ಕಡಿ ಅಷ್ಟು ಚಿಕ್ಕ ತೂಕಕ್ಕೆ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೆ 10 ಗ್ರಾಂ ಕೆಎಂಎಸ್ಸನ್ನು ನೀರಿನಲ್ಲಿ ಕರಗಿಸಿ ಸರಿಯಾಗಿ 100 ಮಿಲಿಗೆ ತುಂಬಿಸಿ, ಸಿರಿಂಜಿನಲ್ಲಿ 23 ಮಿಲಿ ಎಳೆದು ಹಾಕುತ್ತೇನೆ. ಉಳಿದದ್ದನ್ನು ಚೆಲ್ಲಬೇಕು, ಇಟ್ಟರೆ ಶಕ್ತಿ ಇಳಿಯುತ್ತದೆ. ಪುಡಿಯೂ ಅಷ್ಟೇ: ಡಬ್ಬಿ ತೆಗೆದಾಗ ಬೆಂಕಿಕಡ್ಡಿ ಗೀರಿದಂತಹ ಘಾಟು ಬರದಿದ್ದರೆ ಅದು ಹಳತು. ಮೂಗು ಹತ್ತಿರ ಒಯ್ಯಬೇಡಿ. ಅಸ್ತಮಾ ಇರುವವರು ಮಾಡುವುದೂ ಬೇಡ, ಕುಡಿಯುವುದೂ ಬೇಡ.

ಕೆಎಂಎಸ್ ಕೆಲಸ ಮಾಡುವುದು ಹುಳಿಯಲ್ಲಿ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3ರಲ್ಲಿ ಇರುವ ಬಲ 4ಕ್ಕೆ ಬರುವಷ್ಟರಲ್ಲಿ ಸುಮಾರು ಹತ್ತನೇ ಒಂದು ಭಾಗಕ್ಕೆ ಕುಸಿಯುತ್ತದೆ. ನಿಂಬೆಗೆ ಆ ಚಿಂತೆಯಿಲ್ಲ. ಪಪ್ಪಾಯಿ, ಕಲ್ಲಂಗಡಿಯಂಥ ಸಪ್ಪೆ ಹಣ್ಣಿಗೆ ಮೊದಲು ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 3.5ಕ್ಕೆ ಇಳಿಸಬೇಕು, ಪಿಎಚ್ ತೋರಿಸುವ ಕಾಗದದ ಪಟ್ಟಿ ಅದ್ದಿ ನೋಡಬೇಕು. ನಾಲಿಗೆಯನ್ನು ನಂಬಬೇಡಿ, ಸಕ್ಕರೆ ಹುಳಿಯನ್ನು ಮರೆಮಾಚುತ್ತದೆ.

ಹುದುಗಲು ಶುರುವಾದ ರಸವನ್ನು ಕೆಎಂಎಸ್ ಹಾಕಿ ಉಳಿಸಿಕೊಳ್ಳಲಾಗದು. ಯೀಸ್ಟ್ ಹುಟ್ಟಿಸಿದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕ ಅದನ್ನು ಕಟ್ಟಿಹಾಕಿಬಿಡುತ್ತದೆ. ಹಾಗೆಯೇ, ಕೆಟ್ಟ ಕ್ರಿಮಿಗಳನ್ನೆಲ್ಲ ಇದು ಕೊಲ್ಲುತ್ತದೆಂದೂ ತಿಳಿಯಬೇಡಿ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ಬಗೆ ಹುಳಿಯಲ್ಲೂ ದಿನಗಟ್ಟಲೆ ಬದುಕುತ್ತವೆ. ನೆಲಕ್ಕೆ ಬಿದ್ದ ಹಣ್ಣು, ಗಾಯವಾದ ಹಣ್ಣು ಪಕ್ಕಕ್ಕೆ. ಬಾಟಲಿಗಳನ್ನು ಮಾತ್ರ 20 ನಿಮಿಷ ಕುದಿಸಿ ಬೋರಲು ಹಾಕಿ ಆರಿಸಿ. ಬೆಂಕಿ ಬೇಡವೆಂದದ್ದು ರಸಕ್ಕೆ.

ಕಡುಗೆಂಪು ಹಣ್ಣುಗಳಿಗೆ ಕೆಎಂಎಸ್ ಹಾಕಿದರೆ ಬಣ್ಣ ಬಿಳಚುತ್ತದೆ. ಅಲ್ಲಿ ಕೆಡದಂತೆ ಕಾಯುವ ಇನ್ನೊಂದು ಪುಡಿ ಸೋಡಿಯಂ ಬೆಂಜೋಯೇಟ್, ಕಿಲೋಗೆ 0.7 ಗ್ರಾಂ. ಪುಡಿಯನ್ನು ನೇರವಾಗಿ ಹುಳಿ ರಸಕ್ಕೆ ಸುರಿದರೆ ಬಿಳಿ ಚೂರುಗಳಾಗಿ ತೇಲುತ್ತದೆ, ಮತ್ತೆ ಕರಗುವುದು ಕಷ್ಟ. ಸ್ವಲ್ಪ ನೀರಿನಲ್ಲಿ ಕರಗಿಸಿ, ಕಲಕುತ್ತಾ ಸಣ್ಣ ಧಾರೆಯಾಗಿ ಬಿಡಿ. ವಿಟಮಿನ್ ಸಿ ಬೇರೆಯಾಗಿ ಸೇರಿಸಬೇಡಿ. ಬೆಂಜೋಯೇಟ್ ಜೊತೆ ಅದು ಸೇರಿ ಬಿಸಿಲು ತಗುಲಿದರೆ ಬೆಂಜೀನ್ ಎಂಬ ವಿಷವಸ್ತು ಹುಟ್ಟಬಹುದು.

ಬಾಟಲಿಯ ಬಾಯಲ್ಲಿ 2 ಸೆಂ.ಮೀ. ಬಿಟ್ಟು ಪ್ಲಾಸ್ಟಿಕ್ ಮುಚ್ಚಳ ಹಾಕಿ. ತಗಡಿನದಾದರೆ ಕೆಎಂಎಸ್ ಕೊರೆದು ಕಪ್ಪು ಉಂಗುರ ಕಟ್ಟುತ್ತದೆ. ಕೆಲವು ದಿನಕ್ಕೆ ಮೇಲೆ ತಿಳಿನೀರು, ಕೆಳಗೆ ತಿರುಳು ಬೇರ್ಪಡುವುದು ಕೆಟ್ಟ ಲಕ್ಷಣವಲ್ಲ. ಕಾಯಿಸದ ಕಾರಣ ಹಣ್ಣಿನ ಕಿಣ್ವ ಇನ್ನೂ ಜೀವಂತ, ಅಲ್ಲಾಡಿಸಿ ಬಳಸಿ. ಗುಳ್ಳೆ ಏಳುತ್ತಿದ್ದರೆ ಮಾತ್ರ ಚೆಲ್ಲಿ.